ಮಗುವಿನೊಡನೆ ಸ್ಟಾಕ್‌ಹೋಮ್: ಪ್ರವಾಸವೂ ಆರೋಗ್ಯವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಐದು ವರ್ಷದ ಮಗುವಿನ ಕೈ ಹಿಡಿದು ದೇಶ ಸುತ್ತುವುದು ಹೇಗೆಂಬುದನ್ನು ಮಾತ್ರ ಹೇಳಲಿಲ್ಲ. ಮುಂಬಯಿ, ಪುಣೆ, ಮದರಾಸು, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಒಂದು ಕಾಲದಲ್ಲಿ ಬೇಸಗೆಯ ರಜೆಯೆಂದರೆ ಊರು, ಅಜ್ಜಿಯ ಮನೆ, ಮಾವಿನ ತೋಪು. ಇಂದು ಅಣ್ಣನೋ ತಂಗಿಯೋ ಯುರೋಪಿನಲ್ಲಿ ಉದ್ಯೋಗದಲ್ಲಿರುವ ಮನೆಗಳು ಅಪರೂಪವಲ್ಲ. ಸಿಗುವ ರಜೆ ಹತ್ತು ದಿನ. ಖರ್ಚಾಗುವುದು ಹಲವು ವರ್ಷಗಳ ಉಳಿತಾಯ. ಹಾಕಿದ ಬಂಡವಾಳಕ್ಕೆ ತಕ್ಕ ಪ್ರತಿಫಲ ಬರಬೇಕೆಂದು ಹತ್ತು ದಿನಕ್ಕೆ ಐದು ದೇಶಗಳ ಪಟ್ಟಿ ಸಿದ್ಧವಾಗುತ್ತದೆ. ಈ ಲೆಕ್ಕದಲ್ಲಿ ಮಗು ನಾಲ್ಕು ಪೆಟ್ಟಿಗೆಗಳ ಜೊತೆಗೆ ಐದನೆಯ ಪೆಟ್ಟಿಗೆ. ಮೂರನೆಯ ದಿನ ಅದಕ್ಕೆ ಜ್ವರ ಬಂದಾಗಲೇ ಲೆಕ್ಕ ತಪ್ಪಿದುದು ತಿಳಿಯುವುದು.

ಮಗುವಿನ ನಿದ್ರೆ, ಹಸಿವು, ಕಾಲಿನ ಶಕ್ತಿ ಇವುಗಳನ್ನು ಮೊದಲು ಇಟ್ಟು, ನೋಡಬೇಕಾದ ಸ್ಥಳಗಳನ್ನು ಅವುಗಳ ಸುತ್ತ ಹೊಂದಿಸುವುದು ಇದಕ್ಕಿಂತ ಮೇಲಾದ ಕ್ರಮ. ಈ ಕ್ರಮಕ್ಕೆ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಹೇಳಿ ಮಾಡಿಸಿದಂತಹ ನಗರ. ಹದಿನಾಲ್ಕು ದ್ವೀಪಗಳ ಮೇಲೆ ಹರಡಿದ್ದರೂ ಪ್ರವಾಸಿಗೆ ಬೇಕಾದ ಭಾಗ ಚಿಕ್ಕದು. ಮೂರು ದಿನ ಧಾರಾಳವಾಗಿ ಸಾಕು.

ಮೊದಲನೆಯ ವಿಷಯ ನಿದ್ರೆ. ಬೇಸಗೆಯಲ್ಲಿ ಸ್ವೀಡನ್ನಿನ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಮುಂಬಯಿಯಲ್ಲಿ ಬೆಳಿಗ್ಗೆ ಏಳಕ್ಕೆ ಏಳುವ ಮಗು ಅಲ್ಲಿ ಮೊದಲ ದಿನ ಮೂರೂವರೆಗೇ ಕಣ್ಣು ಬಿಡುತ್ತದೆ. ಜೂನ್ ತಿಂಗಳಾದರೆ ಆ ಹೊತ್ತಿಗೆ ಸೂರ್ಯನೂ ಹುಟ್ಟಿರುತ್ತಾನೆ. ಮುಳುಗುವುದು ರಾತ್ರಿ ಹತ್ತರ ನಂತರ. ಬೆಳಕಿರುವಾಗ ಮಲಗು ಎಂದರೆ ಯಾವ ಮಗು ಒಪ್ಪೀತು? ಕಿಟಕಿಗೆ ದಪ್ಪ ಪರದೆ ಇರುವ ಕೋಣೆಯನ್ನೇ ಕೇಳಿ ಗೊತ್ತುಮಾಡಬೇಕು. ಮನೆಯ ಹೊದಿಕೆಯನ್ನು ಜೊತೆಗೆ ಒಯ್ದು, ಊಟ, ಸ್ನಾನ, ಕಥೆ ಈ ಅನುಕ್ರಮವನ್ನು ಅಲ್ಲಿಯೂ ಬಿಡದೆ ನಡೆಸಿದರೆ ಎರಡು ಮೂರು ದಿನಗಳಲ್ಲಿ ದೇಹ ಹೊಂದಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಇದಕ್ಕೆ ತದ್ವಿರುದ್ಧ: ಹಗಲು ಆರು ಗಂಟೆ ಮಾತ್ರ. ಆಗ ನಡುಹಗಲಿನ ಬೆಳಕನ್ನು ಕೋಣೆಯೊಳಗೆ ಕಳೆಯುವುದು ನಷ್ಟ.

ನಗರದಲ್ಲಿ ಓಡಾಡತೊಡಗಿದೊಡನೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಗುವಿನ ತಳ್ಳುಗಾಡಿಗೆ ಬಸ್ಸಿನಲ್ಲಿ ಜಾಗವಿದೆ, ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟಿದೆ. ತಂದೆಯೊಬ್ಬನೇ ಕೂಸನ್ನು ಕರೆದುಕೊಂಡು ಕಾಫಿ ಅಂಗಡಿಯಲ್ಲಿ ಕುಳಿತಿರುವುದು ನಿತ್ಯದ ದೃಶ್ಯ. ಇದರ ಹಿಂದೆ ಅರ್ಧ ಶತಮಾನದ ಶಾಸನಗಳಿವೆ. 1974ರಲ್ಲಿ ಸ್ವೀಡನ್ ತಾಯಿಯ ಹೆರಿಗೆ ರಜೆಯ ಸ್ಥಾನದಲ್ಲಿ ತಂದೆತಾಯಿಯರಿಬ್ಬರೂ ಹಂಚಿಕೊಳ್ಳಬಹುದಾದ ಪಾಲನಾ ರಜೆಯನ್ನು ತಂದಿತು. ಜಗತ್ತಿನಲ್ಲಿ ಅದೇ ಮೊದಲು. ಇಂದು ಅದು ಮಗುವೊಂದಕ್ಕೆ 480 ದಿನ. 1979ರ ಜುಲೈ 1ರಿಂದ ಮಕ್ಕಳನ್ನು ಹೊಡೆಯುವುದು, ಮನೆಯೊಳಗೂ ಸಹ, ಕಾನೂನಿಗೆ ವಿರುದ್ಧ. ಇದರಲ್ಲಿಯೂ ಸ್ವೀಡನ್ನೇ ಮೊದಲನೆಯ ರಾಷ್ಟ್ರ. ಹಿಂದಿನ ವರ್ಷವಷ್ಟೇ ಮಕ್ಕಳ ಕಥೆಗಾರ್ತಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಜರ್ಮನಿಯಲ್ಲಿ ಶಾಂತಿ ಪ್ರಶಸ್ತಿ ಸ್ವೀಕರಿಸುತ್ತ, ಲೋಕಶಾಂತಿಯ ಮಾತನ್ನು ಮನೆಯೊಳಗಿನ ಬೆತ್ತದಿಂದಲೇ ಆರಂಭಿಸಿದ್ದರು. ಸಿಡುಕಿದ ಕ್ಷಣದಲ್ಲಿ ಬೆನ್ನಿಗೊಂದು ಏಟು ಕೊಡುವುದು ನಮ್ಮಲ್ಲಿ ದೊಡ್ಡ ಮಾತೆನಿಸದಿರಬಹುದು. ಅಲ್ಲಿ ಸುತ್ತಲಿನವರು ತಡೆದು ಕೇಳುವ ವಿಷಯ. ಪ್ರವಾಸಿಗರಿಗೂ ಈ ಶಾಸನ ಅನ್ವಯಿಸುತ್ತದೆ.

ಆ ಕಥೆಗಾರ್ತಿಯ ಮುಖವೇ ಇಂದು 20 ಕ್ರೋನರ್ ನೋಟಿನ ಮೇಲಿದೆ, ಪಕ್ಕದಲ್ಲಿ ಆಕೆಯ ತುಂಟ ಹುಡುಗಿ ಪಿಪ್ಪಿ. ಆದರೆ ಆ ನೋಟು ಕೈಗೆ ಸಿಗುವುದೇ ಕಷ್ಟ. 1661ರಲ್ಲಿ ಯುರೋಪಿನ ಮೊದಲ ಬ್ಯಾಂಕ್ ನೋಟುಗಳನ್ನು ಹೊರಡಿಸಿದ ಈ ನಗರದಲ್ಲಿ ಈಗ ನಗದು ಸ್ವೀಕರಿಸದ ಅಂಗಡಿಗಳೇ ಹೆಚ್ಚುತ್ತಿವೆ. ಕಾರ್ಡು ಒಂದಲ್ಲ ಎರಡಿರಲಿ, ಮತ್ತು ಇಬ್ಬರ ಬಳಿ ಬೇರೆ ಬೇರೆಯಾಗಿರಲಿ.

ಇನ್ನು ನೋಡುವ ಸ್ಥಳಗಳು. ದಿನಕ್ಕೊಂದು ದೊಡ್ಡದು, ಒಂದು ಚಿಕ್ಕದು, ಇಷ್ಟೇ ಸಾಕು. ಯೂರ್‌ಗೋರ್ಡನ್ ಎಂಬ ಹಸಿರು ದ್ವೀಪದಲ್ಲಿ ಮಕ್ಕಳಿಗೆ ಬೇಕಾದುದೆಲ್ಲ ಅಕ್ಕಪಕ್ಕದಲ್ಲಿದೆ. ಅಲ್ಲಿಗೆ ದೋಣಿಯಲ್ಲಿ ಹೋಗುವುದೇ ಮಗುವಿಗೆ ಅರ್ಧ ಪ್ರವಾಸ.

ಇವುಗಳಲ್ಲಿ ವಾಸಾ ಹಡಗಿಗೆ ಸರಿಸಾಟಿಯಿಲ್ಲ. 64 ತೋಪುಗಳನ್ನು ಹೊತ್ತ ರಾಜವೈಭವದ ಈ ಯುದ್ಧನೌಕೆ 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟು, ಒಂದೂವರೆ ಕಿಲೋಮೀಟರ್ ಕೂಡ ಸಾಗದೆ, ಬಂದರಿನಲ್ಲೇ ಜನರ ಕಣ್ಣೆದುರು ಮುಳುಗಿತು. ಹಡಗಿನ ಮೇಲ್ಭಾಗ ಭಾರ, ತಳ ಕಿರಿದು. ಯಾನಕ್ಕೆ ಮುನ್ನ ಮೂವತ್ತು ಮಂದಿಯನ್ನು ಹಡಗಿನ ಅಟ್ಟದ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ ಪರೀಕ್ಷಿಸಿದರು. ಅದು ಅಪಾಯಕರವಾಗಿ ತೂಗಾಡತೊಡಗಿದಾಗ ಓಟವನ್ನು ನಿಲ್ಲಿಸಿದರೇ ಹೊರತು ಯಾನವನ್ನು ನಿಲ್ಲಿಸಲಿಲ್ಲ. ಅನಂತರ ವಿಚಾರಣೆಯೂ ನಡೆಯಿತು. ಶಿಕ್ಷೆ ಯಾರಿಗೂ ಆಗಲಿಲ್ಲ. ಕಚೇರಿಗಳಲ್ಲಿ ದುಡಿದವರಿಗೆ ಇದರಲ್ಲಿ ಅಚ್ಚರಿ ಕಾಣದು. 333 ವರ್ಷ ನೀರಿನಡಿ ಮಲಗಿದ್ದ ಹಡಗನ್ನು 1961ರ ಏಪ್ರಿಲ್ 24ರಂದು ಮೇಲೆತ್ತಿದರು. ಓಡಿಸಿ ನೋಡಿದ ಕಥೆಯನ್ನು ಹೊರಡುವ ಮುನ್ನವೇ ಹೇಳಿ, ಮನೆಯ ಬಕೆಟ್ಟಿನಲ್ಲಿ ಒಂದು ಆಟಿಗೆಯ ದೋಣಿಯ ಮೇಲೆ ಭಾರವಿಟ್ಟು ತೋರಿಸಿದ್ದರೆ ಮಗುವಿಗೆ ಆ ಸಂಗ್ರಹಾಲಯ ಪರಿಚಿತ ಸ್ಥಳವಾಗುತ್ತದೆ. ಮರದ ರಕ್ಷಣೆಗಾಗಿ ಒಳಗೆ ಬೆಳಕು ಮಂದ, ಹವೆ ತಂಪು. ಬೇಸಗೆಯಲ್ಲೂ ಸ್ವೆಟರ್ ಬೇಕು. ಹದಿನೆಂಟು ವರ್ಷದವರೆಗೆ ಪ್ರವೇಶಧನವಿಲ್ಲ. ಒಂದೂವರೆ ಗಂಟೆಗಿಂತ ಹೆಚ್ಚು ಕಾಲ ಬೇಡ.

ಮರುದಿನಕ್ಕೆ ಸ್ಕಾನ್ಸೆನ್. 1891ರಲ್ಲಿ ಆರ್ತುರ್ ಹಜೇಲಿಯಸ್ ಸ್ಥಾಪಿಸಿದ ಈ ಬಯಲು ಸಂಗ್ರಹಾಲಯಕ್ಕೆ ನಾಡಿನ ನಾನಾ ಭಾಗಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ್ದಾರೆ. ಕರಡಿ, ತೋಳ, ಎಲ್ಕ್ ಮೊದಲಾದ ಉತ್ತರದ ಪ್ರಾಣಿಗಳೂ ಇವೆ. ಗುಡ್ಡದ ಜಾಗವಾದ್ದರಿಂದ ಐದು ವರ್ಷದ ಮಗುವಿಗೂ ತಳ್ಳುಗಾಡಿ ಇರುವುದು ಕ್ಷೇಮ. ಮಳೆ ಬಂದರೆ ಲಿಂಡ್‌ಗ್ರೆನ್ ಕಥೆಗಳೊಳಗೆ ಪುಟ್ಟ ರೈಲಿನಲ್ಲಿ ಸಾಗುವ ಯೂನಿಬಾಕೆನ್ ಇದೆ. ಹಳೆಯ ಪಟ್ಟಣವಾದ ಗಾಮ್ಲಾ ಸ್ತಾನಿನಲ್ಲಿ, ಫಿನ್ನಿಶ್ ಚರ್ಚಿನ ಹಿತ್ತಲಿನಲ್ಲಿ, ಮೊಣಕಾಲು ತಬ್ಬಿ ಚಂದ್ರನನ್ನು ನೋಡುತ್ತ ಕುಳಿತ ಕಬ್ಬಿಣದ ಬಾಲಕನೊಬ್ಬನಿದ್ದಾನೆ. ಎತ್ತರ 15 ಸೆಂಟಿಮೀಟರ್ ಮಾತ್ರ. ಚಳಿಗಾಲದಲ್ಲಿ ಯಾರೋ ಅವನಿಗೆ ಟೋಪಿ ಹೆಣೆದು ತೊಡಿಸುತ್ತಾರೆ. ಅರಮನೆಯ ಇಡೀ ವೈಭವವನ್ನು ಮರೆತ ಮಗು ಇವನನ್ನು ಮರೆಯುವುದಿಲ್ಲ.

ಚಳಿಯ ಭಯ ನಮ್ಮವರಿಗೆ ಸಹಜ; ಹನಿ ಮಳೆಗೇ ತಲೆಗೆ ಬಟ್ಟೆ ಕಟ್ಟುವ ತಾಯಂದಿರು ನಾವು ಕಂಡವರೇ. ಸ್ವೀಡನ್ನಿನಲ್ಲಾದರೋ ಶಿಶುಗಳನ್ನು ಚಳಿಗಾಲದಲ್ಲೂ ಬೆಚ್ಚಗೆ ಹೊದಿಸಿ ಹೊರಗಿನ ಗಾಳಿಯಲ್ಲೇ ಮಲಗಿಸುವ ರೂಢಿಯಿದೆ. ಕೆಟ್ಟ ಹವೆಯೆಂಬುದಿಲ್ಲ, ಕೆಟ್ಟ ಉಡುಪು ಮಾತ್ರ ಉಂಟು ಎಂಬುದು ಅಲ್ಲಿನ ನಾಣ್ಣುಡಿ. ನೆಗಡಿ ಬರುವುದು ವೈರಾಣುವಿನಿಂದ, ಬರಿಯ ತಂಗಾಳಿಯಿಂದಲ್ಲ. ದಪ್ಪ ಅಂಗಿ ಒಂದಕ್ಕಿಂತ ತೆಳುವಾದ ಮೂರು ಪದರ ಮೇಲು: ಮೈಗೆ ತಾಗಿದಂತೆ ಉಣ್ಣೆ, ನಡುವೆ ಬೆಚ್ಚನೆಯದು, ಹೊರಗೆ ಗಾಳಿ ನೀರು ತಡೆಯುವುದು. ಹತ್ತಿ ಬಟ್ಟೆ ಬೆವರನ್ನು ಹಿಡಿದಿಟ್ಟು ಮೈಯನ್ನು ತಣ್ಣಗಾಗಿಸುತ್ತದೆ. ಮಗು ಬೆಚ್ಚಗಿದೆಯೇ ಎಂದು ತಿಳಿಯಲು ಅಂಗೈಯನ್ನಲ್ಲ, ಕತ್ತಿನ ಹಿಂಬದಿಯನ್ನು ಮುಟ್ಟಿ ನೋಡಬೇಕು.

ಆಹಾರದ ಚಿಂತೆ ಅಷ್ಟೇನೂ ಬೇಡ. ನಲ್ಲಿಯ ನೀರನ್ನು ನೇರವಾಗಿ ಕುಡಿಯಬಹುದು. ಅಂಗಡಿಗಳಲ್ಲಿ ಸಿಗುವ ಫಿಲ್ ಎಂಬ ಹುಳಿಹಾಲು ನಮ್ಮ ತೆಳು ಮೊಸರಿನ ಸೋದರ. ಒಂದಿಷ್ಟು ಅನ್ನ ಬೇಯಿಸಿಕೊಳ್ಳುವ ಅನುಕೂಲವಿದ್ದರೆ ಮೊಸರನ್ನಕ್ಕೆ ಕೊರತೆಯಿಲ್ಲ. ಅಲ್ಲಿನ ಬನ್ನುಗಳಲ್ಲಿ ಏಲಕ್ಕಿಯ ಪರಿಮಳ ಘಮಘಮಿಸುವುದು ಕಂಡು ಸಂತೋಷವಾಗದ ಕನ್ನಡಿಗನಿಲ್ಲ. ಏಲಕ್ಕಿಯ ತವರು ನಮ್ಮ ಪಶ್ಚಿಮ ಘಟ್ಟಗಳೇ ಅಲ್ಲವೇ?

ಬನ್ನಿಗಿಂತ ಮಗುವನ್ನು ಹೆಚ್ಚು ಸೆಳೆಯುವುದು ಅಂಗಡಿಗಳಲ್ಲಿ ಗೋಡೆಯುದ್ದಕ್ಕೂ ತೆರೆದಿಟ್ಟ ಬಣ್ಣಬಣ್ಣದ ಮಿಠಾಯಿ. ಸ್ವೀಡಿಷ್ ಮಕ್ಕಳು ರೂಢಿಯಂತೆ ಅದನ್ನು ತಿನ್ನುವುದು ಶನಿವಾರ ಮಾತ್ರ. ಸೊಗಸಾದ ಈ ಪದ್ಧತಿಯ ಹಿಂದೆ ಕಹಿಯಾದ ಇತಿಹಾಸವಿದೆ. ಲುಂಡ್ ಪಟ್ಟಣದ ವಿಪೆಹೋಮ್ ಎಂಬ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರನ್ನು ಇರಿಸಲಾಗಿತ್ತು. ಹಲ್ಲು ಹುಳುಕಾಗುವ ಕಾರಣವನ್ನು ಅರಿಯಲೆಂದು 1945ರಿಂದ ಹಲವು ವರ್ಷ ಅಲ್ಲಿನ ನಾನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಕೆಲವರಿಗೆ ಊಟದ ಜೊತೆ ಸಕ್ಕರೆ. ಕೆಲವರಿಗೆ ಊಟಗಳ ನಡುವೆ, ದಿನಕ್ಕೆ ಹಲವು ಬಾರಿ, ಹಲ್ಲಿಗೆ ಅಂಟಲೆಂದೇ ತಯಾರಿಸಿದ ಟಾಫಿ. ಅನೇಕರ ಹಲ್ಲುಗಳು ನಾಶವಾದವು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಕೊಡುವ ಸ್ಥಿತಿಯೂ ಅವರದಾಗಿರಲಿಲ್ಲ. 1954ರಲ್ಲಿ ಪ್ರಕಟವಾದ ಫಲಿತಾಂಶ ಇಂದಿಗೂ ದಂತವೈದ್ಯದ ಬುನಾದಿಗಳಲ್ಲೊಂದು: ಎಷ್ಟು ಸಕ್ಕರೆ ತಿಂದರೆಂಬುದಕ್ಕಿಂತ ಎಷ್ಟು ಬಾರಿ ತಿಂದರು, ಅದು ಎಷ್ಟು ಹೊತ್ತು ಹಲ್ಲಿಗೆ ಅಂಟಿಕೊಂಡಿತು ಎಂಬುದೇ ಮುಖ್ಯ. ವಾರಕ್ಕೊಂದೇ ದಿನ ಮಿಠಾಯಿ ಎಂಬ ಸಲಹೆ ಹೊರಟದ್ದು ಇದರಿಂದಲೇ. ಮಕ್ಕಳನ್ನು ಇಷ್ಟು ಮನ್ನಿಸುವ ನಾಡಿನಲ್ಲಿ, ಆ ಮಕ್ಕಳ ಹಲ್ಲುಗಳನ್ನು ಕಾಪಾಡಿದ ಜ್ಞಾನಕ್ಕೆ ಬೆಲೆ ತೆತ್ತವರು ದನಿಯಿಲ್ಲದ ಆ ಜನ. ಪ್ರವಾಸದಲ್ಲಿ ಅಳು ನಿಲ್ಲಿಸಲು ಗಂಟೆಗೊಮ್ಮೆ ಚಾಕಲೇಟು ಕೊಡುವ ಪಾಲಕರು ವಿಪೆಹೋಮಿನ ಕ್ರಮವನ್ನೇ ಅರಿಯದೆ ಅನುಸರಿಸುತ್ತಿರುತ್ತಾರೆ. ಕೊಡುವುದಾದರೆ ಊಟದ ಹಿಂದೆಯೇ, ಒಂದೇ ಬಾರಿ.

ನಗರದ ಸುತ್ತಲಿನ ಸಾವಿರಾರು ದ್ವೀಪಗಳಿಗೆ ಒಂದು ದಿನ ಹೋಗಿ ಬರುವ ಆಸೆಯಿದ್ದವರು ಉಣುಗುಗಳ ವಿಚಾರವನ್ನು ತಿಳಿದಿರಬೇಕು. ವಸಂತದಿಂದ ಶರತ್ಕಾಲದವರೆಗೆ ಅಲ್ಲಿನ ಎತ್ತರದ ಹುಲ್ಲು, ಪೊದೆಗಳಲ್ಲಿ ಉಣುಗುಗಳಿದ್ದು, ಅವುಗಳಲ್ಲಿ ಕೆಲವು ಮಿದುಳಿನ ಉರಿಯೂತದ ವೈರಾಣುವನ್ನೂ, ಕೆಲವು ಲೈಮ್ ರೋಗದ ರೋಗಾಣುವನ್ನೂ ಹೊತ್ತಿರುತ್ತವೆ. ಇದು ಕನ್ನಡಿಗರಿಗೆ ತೀರ ಅಪರಿಚಿತವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಹರಡಿದಾಗ, ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಪತ್ತೆಹಚ್ಚಿದ ಮಂಗನ ಕಾಯಿಲೆಯ ವೈರಾಣು ಇದೇ ಕುಟುಂಬದ್ದು, ಹರಡುವುದೂ ಉಣುಗಿನಿಂದಲೇ. ಮಲೆನಾಡಿನ ಅಜ್ಜಿಯರಿಗೆ ತಿಳಿದ ಎಚ್ಚರಿಕೆಯೇ ಬಾಲ್ಟಿಕ್ ತೀರದಲ್ಲೂ ಸಲ್ಲುತ್ತದೆ. ಉದ್ದ ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು. ಸಂಜೆ ಮಗುವಿನ ಕೂದಲಂಚು, ಕಿವಿಯ ಹಿಂಬದಿ, ಕಂಕುಳು, ತೊಡೆಸಂದುಗಳನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ಉಣುಗು ಕಂಡರೆ ಎಣ್ಣೆ, ಸುಣ್ಣ ಹಚ್ಚದೆ, ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಮಿದುಳಿನ ಉರಿಯೂತಕ್ಕೆ ಲಸಿಕೆಯಿದೆ. ಲೈಮ್ ರೋಗಕ್ಕೆ ಮಕ್ಕಳಿಗೆ ಕೊಡುವ ಲಸಿಕೆ ಇಲ್ಲ, ಆದರೆ ಬೇಗ ಗುರುತಿಸಿದರೆ ಔಷಧದಿಂದ ಗುಣವಾಗುತ್ತದೆ. ಮೂರೇ ದಿನ ನಗರದ ಕಲ್ಲುಹಾಸಿನ ಮೇಲೆ ನಡೆಯುವವರಿಗೆ ಭಯಪಡುವ ಕಾರಣವಿಲ್ಲ. ಹಲವು ವಾರ ಬಂಧುಗಳ ಮನೆಯಲ್ಲಿ ಉಳಿಯುವವರು ಲಸಿಕೆಯ ಬಗ್ಗೆ ಮುಂಚಿತವಾಗಿ ವೈದ್ಯರನ್ನು ಕೇಳುವುದು ಒಳ್ಳೆಯದು.

ಕಾಯಿಲೆ ಬಿದ್ದರೆ? ವೀಸಾಕ್ಕೆ ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅದರ ಪತ್ರವನ್ನು ಪೆಟ್ಟಿಗೆಯ ತಳದಲ್ಲಿಡದೆ ಕೈಚೀಲದಲ್ಲಿಡಬೇಕು. ತುರ್ತಿಗೆ 112, ವೈದ್ಯಕೀಯ ಸಲಹೆಗೆ 1177. ಸಾಧಾರಣ ಜ್ವರಕ್ಕೆ ಅಲ್ಲಿನ ವೈದ್ಯರು ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್ ಎಂದಷ್ಟೇ ಹೇಳಿ ಕಳಿಸಿದರೆ ಕೋಪಗೊಳ್ಳಬಾರದು. ಆ್ಯಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಅಲ್ಲಿ ಕೊಳ್ಳಲಾಗದು, ಚೀಟಿಯೂ ಸುಲಭವಾಗಿ ಸಿಗದು; ಅದು ಉಪೇಕ್ಷೆಯಲ್ಲ, ಔಷಧಗಳ ಶಕ್ತಿ ಕುಂದದಿರಲೆಂಬ ನೀತಿ. ನಿತ್ಯದ ಔಷಧಗಳಿದ್ದರೆ ಚೀಟಿಯ ಸಮೇತ ಇಲ್ಲಿಂದಲೇ ಒಯ್ಯಬೇಕು.

ಟ್ಯಾಕ್ಸಿ ಕರೆಯುವಾಗ ಮಗುವಿನ ಆಸನ ಬೇಕೆಂದು ಮೊದಲೇ ತಿಳಿಸಬೇಕು. ಕನ್ನಡಿಗರಿಗೆ ವೋಲ್ವೋ ಎಂದರೆ ಬೆಂಗಳೂರಿಗೆ ರಾತ್ರಿ ಹೊರಡುವ ಬಸ್ಸು. 1959ರಲ್ಲಿ ಮೂರು ಬಿಂದುಗಳ ಸುರಕ್ಷಾಪಟ್ಟಿಯನ್ನು ಕಾರಿಗೆ ಅಳವಡಿಸಿದ್ದೂ ಅದೇ ಕಂಪನಿ. 135 ಸೆಂಟಿಮೀಟರಿಗಿಂತ ಗಿಡ್ಡನೆಯ ಮಗುವಿಗೆ ದೊಡ್ಡವರ ಪಟ್ಟಿ ಮಾತ್ರ ಸಾಲದೆಂಬುದು ಅಲ್ಲಿನ ನಿಯಮ. ತೊಡೆಯ ಮೇಲೆ ಕೂರಿಸಿಕೊಳ್ಳುವುದಂತೂ ಸಲ್ಲದು.

ಹಿಂದಿರುಗುವಾಗ ಗಡಿಯಾರ ಮುಂದಕ್ಕೆ ಓಡುತ್ತದೆ. ಪೂರ್ವಕ್ಕೆ ಬರುವ ಪ್ರಯಾಣ ನಿದ್ರೆಗೆ ಹೆಚ್ಚು ಕಷ್ಟ. ಶಾಲೆ ತೆರೆಯುವ ಮುನ್ನ ಎರಡು ದಿನ ಕೈಯಲ್ಲಿರಲಿ. ದ್ವೀಪಗಳಲ್ಲೋ ಹುಲ್ಲುಗಾವಲಿನಲ್ಲೋ ತಿರುಗಿ ಬಂದಿದ್ದರೆ ಒಂದು ತಿಂಗಳು ಮಗುವಿನ ಮೈಮೇಲೆ ಕಣ್ಣಿರಬೇಕು: ಉಣುಗು ಕಚ್ಚಿದ ಜಾಗದಿಂದ ಹರಡುತ್ತ ದೊಡ್ಡದಾಗುವ ಕೆಂಪು ಮಚ್ಚೆ, ಕಾರಣವಿಲ್ಲದ ಜ್ವರ, ತಲೆನೋವು ಕಂಡರೆ ವೈದ್ಯರ ಬಳಿ ಹೋಗಿ, ಅವರು ಕೇಳಲಿ ಬಿಡಲಿ, ಸ್ವೀಡನ್ನಿಗೆ ಹೋಗಿ ಬಂದ ದಿನಾಂಕಗಳನ್ನು ಹೇಳಬೇಕು. ಮುಂಬಯಿಯ ಮಳೆಗಾಲದಲ್ಲಿ ಜ್ವರವೆಂದೊಡನೆ ಮಲೇರಿಯಾ, ಡೆಂಗಿಗಳ ಕಡೆಗೇ ವೈದ್ಯರ ಗಮನ ಹರಿಯುವುದು ಸಹಜ.