ಅಡಿಕೆಗೆ ಬೇಲಿ, ಈರುಳ್ಳಿಗೆ ಬೀಗ: ನೆರೆ ದೇಶಗಳು ಏನು ಮಾಡುತ್ತವೆ?



ಕೆಲವು ದಿನಗಳ ಹಿಂದೆ ಸಾಸ್ವೆಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಡೇರಿ ಕಟ್ಟೆಯ ಮೇಲೆ ಕುಳಿತಿದ್ದಾಗ ಹಿರಿಯ ರೈತರೊಬ್ಬರು ನನ್ನನ್ನು ಹತ್ತಿರ ಕರೆದು ಕೇಳಿದರು: "ತಮ್ಮಾ, ಉಳಿದಿರೋ ಎರಡು ಎಕರೆ ಗದ್ದೆಗೂ ಅಡಿಕೆ ಹಾಕೋಣ ಅಂತ ಮಗ ಹಠ ಹಿಡಿದಾನೆ. ಸಾಲದ ಕಾಗದಾನೂ ಸಿದ್ಧ ಮಾಡಿದಾನೆ. ಇತ್ಲಾಗೆ ನೋಡಿದ್ರೆ ಪರದೇಶದ ಅಡಿಕೆ ಬಂತು ಅಂತ ಪೇಟೇಲಿ ಗುಲ್ಲು. ಯಾವುದನ್ನ ನಂಬೋದು?"

"ಅಜ್ಜಾರೇ, ಒಂದು ವಾರ ಸಮಯ ಕೊಡಿ, ಲೆಕ್ಕ ನೋಡಿಕೊಂಡು ಬಂದು ಹೇಳ್ತೀನಿ" ಎಂದು ಬಂದೆ. ಆ ಲೆಕ್ಕವನ್ನೇ ಈ ಪಾಠದಲ್ಲಿ ನಿಮ್ಮೆಲ್ಲರ ಮುಂದೆ ಇಟ್ಟಿದ್ದೇನೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಅಡಿಕೆಯವರಿಗೂ, ಜಗಳೂರಿನ ಈರುಳ್ಳಿಯವರಿಗೂ ಇದು ಸಮಾನವಾಗಿ ಸಂಬಂಧಿಸಿದ ವಿಷಯ.

ಸುಂಕವೆಂದರೆ ಬದು

ಕಾಲುವೆ ನೀರಿನ ವ್ಯವಹಾರ ನಮಗೆಲ್ಲ ಗೊತ್ತು. ಮೇಲಿನ ಹೊಲದವನು ಬದು ಎತ್ತರಿಸಿದರೆ ಕೆಳಗಿನವನು ಸುಮ್ಮನೆ ಕೂರುವುದಿಲ್ಲ. ಒಬ್ಬನು ಬಂದು ಮಾತಾಡಿ ಪಾಳಿ ಕೇಳುತ್ತಾನೆ. ಇನ್ನೊಬ್ಬನು ರಾತ್ರಿ ಪಕ್ಕದಲ್ಲಿ ಕಂಡಿ ಮಾಡುತ್ತಾನೆ. ಮತ್ತೊಬ್ಬನು ನಿಮ್ಮ ನೀರೇ ಬೇಡವೆಂದು ಕೊಳವೆ ಬಾವಿ ಕೊರೆಸುತ್ತಾನೆ. ಸಿಟ್ಟಿನವನು ನಿಮ್ಮ ಗಾಡಿ ತನ್ನ ಹೊಲದ ದಾರಿಯಲ್ಲಿ ಹೋಗದಂತೆ ಮುಳ್ಳು ಹಾಕುತ್ತಾನೆ.

ದೇಶ ದೇಶಗಳ ನಡುವೆಯೂ ನಡೆಯುವುದು ಇಷ್ಟೇ. ಪರದೇಶದ ಮಾಲು ಒಳಗೆ ಬರುವಾಗ ಹಾಕುವ ತೆರಿಗೆಗೆ ಆಮದು ಸುಂಕವೆನ್ನುತ್ತಾರೆ. ನಮ್ಮ ಮಾಲು ಹೊರಗೆ ಹೋಗುವಾಗ ಹಾಕುವುದು ರಫ್ತು ಸುಂಕ. ನಾವು ಬದು ಎತ್ತರಿಸಿದಾಗ ನೆರೆಯವರು ಮೇಲೆ ಹೇಳಿದ ನಾಲ್ಕು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದೊಂದಾಗಿ ನೋಡೋಣ.

ಅಡಿಕೆಯ ಬೇಲಿ ಎಷ್ಟು ಎತ್ತರ?

ಜಗತ್ತಿನಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ದೇಶವೂ, ತಿನ್ನುವ ದೇಶವೂ ನಮ್ಮದೇ. ಅದರಲ್ಲಿ ಬಹುಪಾಲು ಬೆಳೆ ನಮ್ಮ ರಾಜ್ಯದ್ದು. ಈ ಬೆಳೆಗೆ ಕೇಂದ್ರ ಸರ್ಕಾರ ಎರಡು ಬೇಲಿಗಳನ್ನು ಹಾಕಿದೆ.

ಮೊದಲನೆಯದು ನೂರಕ್ಕೆ ನೂರು ಆಮದು ಸುಂಕ. ಎರಡನೆಯದು ಕನಿಷ್ಠ ಆಮದು ಬೆಲೆ. ಸಾಗಣೆ, ವಿಮೆ ಸೇರಿ ಬಂದರಿಗೆ ಮುಟ್ಟುವ ಹೊತ್ತಿಗೆ ಕಿಲೋಗೆ ಇಂತಿಷ್ಟಕ್ಕಿಂತ ಕಡಿಮೆ ಬೆಲೆಯ ಅಡಿಕೆಯನ್ನು ಒಳಗೆ ಬಿಡಬಾರದು ಎಂಬುದು ಇದರ ಅರ್ಥ. ಹಿಂದೆ ಇದು 251 ರೂಪಾಯಿ ಇತ್ತು. 2023ರ ಫೆಬ್ರವರಿ 14ರಂದು ಅದನ್ನು 351 ರೂಪಾಯಿಗೆ ಏರಿಸಿದರು. ಕ್ಯಾಂಪ್ಕೊ ಮೊದಲಾದ ಬೆಳೆಗಾರರ ಸಹಕಾರ ಸಂಘಗಳು ಈ ಏರಿಕೆಯನ್ನು ಕೇಳುತ್ತಾ ಬಂದಿದ್ದವು.

ಈಗ ಸ್ಲೇಟು ಹಿಡಿಯೋಣ. ಇತರ ಸಣ್ಣ ಬಾಬುಗಳನ್ನು ಬಿಟ್ಟುಬಿಡಿ.

ಪೂರ್ತಿ ಸುಂಕ ಕಟ್ಟಬೇಕಾದ ದೇಶದ ಅಡಿಕೆ: ಬೆಲೆ 351, ಸುಂಕ 351, ಒಟ್ಟು ಕಿಲೋಗೆ 702 ರೂಪಾಯಿ. ಅಂದರೆ ಕ್ವಿಂಟಲಿಗೆ 70,200 ರೂಪಾಯಿ.

ಸುಂಕ ಪೂರ್ತಿ ಮಾಫಿಯಾದ ದೇಶದ ಅಡಿಕೆ: ಕಿಲೋಗೆ 351, ಕ್ವಿಂಟಲಿಗೆ 35,100 ರೂಪಾಯಿ.

2023ರಲ್ಲಿ ಚನ್ನಗಿರಿ ಪೇಟೆಯಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ 50,000 ದಾಟಿದ್ದು ನಿಮಗೆ ನೆನಪಿದೆ. ಅಂಥ ಧಾರಣೆಯಲ್ಲಿ 70,200ರ ಮಾಲು ನಮ್ಮ ಹತ್ತಿರ ಸುಳಿಯಲಾರದು. ಆದರೆ 35,100ರ ಮಾಲು ಬೇಲಿ ದಾಟಿಯೂ ಲಾಭ ಮಾಡಬಲ್ಲದು. ಮುಂದಿನ ಕಥೆಯೆಲ್ಲ ಇರುವುದು ಈ ಎರಡು ಅಂಕಿಗಳ ನಡುವಿನ ಸಂದಿಯಲ್ಲಿ.

ಮೊದಲ ದಾರಿ: ಬಂದು ಕೇಳುವುದು

ಭೂತಾನದ ದಕ್ಷಿಣದ ತಪ್ಪಲಿನಲ್ಲಿಯೂ ಅಡಿಕೆ ತೋಟಗಳಿವೆ. ಅಲ್ಲಿನ ಬೆಳೆಗಾರನೂ ನಮ್ಮಂತೆ ಸಣ್ಣ ಹಿಡುವಳಿದಾರ. ಅವನ ಹಸಿ ಅಡಿಕೆಗೆ ಹತ್ತಿರದ ಪೇಟೆ ಭಾರತವೇ. ಭೂತಾನ ಹಿಡಿದದ್ದು ಸ್ನೇಹದ ಮಾತುಕತೆಯ ದಾರಿಯನ್ನು. 2022ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರವು ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಕಟ್ಟಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಸುಂಕದ ಕಟ್ಟೆಯ ಮೂಲಕ ತರಲು ಒಪ್ಪಿತು.

ಈ ಸುದ್ದಿ ಬಂದಾಗ ನಮ್ಮ ಕಡೆ ದೊಡ್ಡ ಗಾಬರಿಯಾಯಿತು, ಪ್ರತಿಭಟನೆಗಳೂ ನಡೆದವು. ಕೇಳುವುದು ನಮ್ಮ ಹಕ್ಕು. ಆದರೆ ಲೆಕ್ಕವನ್ನೂ ನೋಡಬೇಕು. ನಮ್ಮ ದೇಶದ ಅಡಿಕೆ ಹುಟ್ಟುವಳಿ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು. ಅದರ ಮುಂದೆ 17,000 ಟನ್ ಎಂದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಅದೂ ಹಸಿ ಅಡಿಕೆ. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಎಷ್ಟು ಕಿಲೋ ಇಳಿಯುತ್ತದೆಂಬುದನ್ನು ನಮ್ಮ ಖೇಣಿದಾರರನ್ನು ಕೇಳಿ. ಇಷ್ಟು ಮಾಲಿಗೆ ಹೆದರಿ ಅದೇ ವಾರ ಮನೆಯ ಅಡಿಕೆಯನ್ನೆಲ್ಲ ಸಿಕ್ಕಿದ ಬೆಲೆಗೆ ಕೊಟ್ಟರೆ ನಷ್ಟ ತಂದುಕೊಂಡವರು ನಾವೇ ಆಗುತ್ತೇವೆ.

ಎರಡನೆಯ ದಾರಿ: ಪಕ್ಕದ ಕಂಡಿ

ನಿಜವಾದ ತೊಂದರೆ ಇರುವುದು ಇಲ್ಲಿ. ಭಾರತ ಮತ್ತು ಶ್ರೀಲಂಕಾ 1998ರಲ್ಲಿ ಮುಕ್ತ ವ್ಯಾಪಾರದ ಒಪ್ಪಂದ ಮಾಡಿಕೊಂಡವು. ಅದು 2000ದ ಮಾರ್ಚ್ 1ರಿಂದ ಜಾರಿಗೆ ಬಂತು. ಸಾರ್ಕ್ ದೇಶಗಳ ಒಪ್ಪಂದ 2006ರಲ್ಲಿ ಬಂತು. ಇವುಗಳಿಂದ ನೆರೆಯ ದೇಶಗಳ ಅನೇಕ ಮಾಲುಗಳಿಗೆ ಸುಂಕದಲ್ಲಿ ರಿಯಾಯಿತಿ ದೊರೆಯಿತು. ಆದರೆ ಇಂಡೋನೇಷ್ಯಾದಂಥ ದೂರದ ದೇಶದ ಅಡಿಕೆ ಶ್ರೀಲಂಕಾಕ್ಕೆ ಬಂದು, ಅಲ್ಲಿ ಚೀಲ ಬದಲಿಸಿ, ಅಲ್ಲಿಯದೇ ಬೆಳೆ ಎಂಬ ಕಾಗದ ಹಿಡಿದು ನಮ್ಮ ಬಂದರಿಗೆ ಬರತೊಡಗಿತು. 702ರ ಮಾಲು 351ರ ವೇಷ ಹಾಕಿತು. ಕಾಳುಮೆಣಸಿನಲ್ಲಿಯೂ ಇದೇ ಆಟ ನಡೆಯಿತು. ಇದರಿಂದ ತಮ್ಮ ಮಾಲಿನ ಹೆಸರು ಕೆಡುತ್ತದೆಂದು ಶ್ರೀಲಂಕಾದ ಬೆಳೆಗಾರರೂ ಕೂಗೆಬ್ಬಿಸಿದರು. ಆದ್ದರಿಂದ ನೆರೆಯ ರೈತನೇ ನಮ್ಮ ವೈರಿ ಎಂದು ತಿಳಿಯಬಾರದು. ನಡುವೆ ನಿಂತು ವೇಷ ಹಾಕಿಸುವವನು ಬೇರೆ.

ಇದನ್ನು ತಡೆಯಲು 2020ರ ಸೆಪ್ಟೆಂಬರ್ 21ರಿಂದ ನಮ್ಮ ಸುಂಕ ಇಲಾಖೆ ಹೊಸ ನಿಯಮ ತಂದಿತು. ರಿಯಾಯಿತಿ ಕೇಳುವ ವರ್ತಕನು ಮಾಲು ಹುಟ್ಟಿದ್ದು ಯಾವ ದೇಶದಲ್ಲಿ ಎಂಬುದಕ್ಕೆ ವಿವರಗಳನ್ನು ತಾನೇ ಇಟ್ಟುಕೊಂಡು, ಕೇಳಿದಾಗ ತೋರಿಸಬೇಕು.

ಇನ್ನೊಂದು ಕಂಡಿ ನೋಡಿ. ಕನಿಷ್ಠ ಬೆಲೆಯ ನಿಯಮವಿದ್ದದ್ದು ಅಡಿಕೆಗೆ. ಹುರಿದ ಅಡಿಕೆ ಸುಂಕದ ಪಟ್ಟಿಯಲ್ಲಿ ಬೇರೆ ಸಾಲಿನಲ್ಲಿ ಬರುತ್ತಿತ್ತು. ಬಾಣಲೆಗೆ ಹಾಕಿ ತೆಗೆದ ಹೆಸರಿನಲ್ಲಿ ಮಾಲು ಬರಲಾರಂಭಿಸಿತು. 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ 351 ರೂಪಾಯಿಯ ನಿಯಮ ಹಾಕಿ ಆ ಕಂಡಿಯನ್ನು ಮುಚ್ಚಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಂತೆ, ನಿಯಮ ಬರುವ ಮೊದಲೇ ಎಷ್ಟೋ ಮಾಲು ಒಳಗೆ ಬಂದಿತ್ತು. ಮ್ಯಾನ್ಮಾರ್ ಗಡಿಯ ಕಾಡುದಾರಿಯಲ್ಲಿ ಸುಂಕವನ್ನೇ ಕಟ್ಟದೆ ಬರುವ ಕಳ್ಳಮಾಲಂತೂ ಯಾವ ಪಟ್ಟಿಗೂ ಸೇರುವುದಿಲ್ಲ.

ಬೇಲಿ ಎತ್ತರವಾದಷ್ಟೂ ಕಂಡಿ ಮಾಡುವವನಿಗೆ ಲಾಭ ಹೆಚ್ಚು. ಬೇಲಿ ಬೇಕು, ಆದರೆ ಬೇಲಿಯೊಂದನ್ನೇ ನಂಬಿ ಮಲಗಬಾರದು.

ಮೂರನೆಯ ದಾರಿ: ತನ್ನದೇ ಬಾವಿ ತೋಡುವುದು

ಈಗ ಜಗಳೂರಿನ ಕಡೆ ತಿರುಗೋಣ. ಅಡಿಕೆಯಲ್ಲಿ ನಾವು ಬರುವ ಮಾಲನ್ನು ತಡೆದೆವು. ಈರುಳ್ಳಿಯಲ್ಲಿ ಹೋಗುವ ಮಾಲನ್ನು ತಡೆದೆವು.

ಪಟ್ಟಣದಲ್ಲಿ ಬೆಲೆ ಏರಿದಾಗಲೆಲ್ಲ ಈರುಳ್ಳಿ ರಫ್ತಿಗೆ ಬೀಗ ಬೀಳುತ್ತದೆ. 2019ರ ಸೆಪ್ಟೆಂಬರ್ 29ರಂದು ಬಿತ್ತು. 2020ರ ಸೆಪ್ಟೆಂಬರ್ 14ರಂದು ಮತ್ತೆ ಬಿತ್ತು. 2023ರ ಆಗಸ್ಟ್‌ನಲ್ಲಿ ನೂರಕ್ಕೆ 40ರಂತೆ ರಫ್ತು ಸುಂಕ ಹಾಕಿದರು, ಡಿಸೆಂಬರ್ 8ರಿಂದ ಪೂರ್ತಿ ನಿಷೇಧಿಸಿದರು. 2024ರ ಮೇ 4ರಂದು ನಿಷೇಧ ತೆಗೆದರೂ ಸುಂಕ ಉಳಿಯಿತು. ಸೆಪ್ಟೆಂಬರಿನಲ್ಲಿ ಅದು 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ರಿಂದ ಸುಂಕವನ್ನು ಪೂರ್ತಿ ತೆಗೆದರು.

2023ರ ಆ ಡಿಸೆಂಬರ್ ನನಗೆ ಚೆನ್ನಾಗಿ ನೆನಪಿದೆ. ನಮ್ಮ ತಂದೆಯವರು ಬೆಲೆ ಇನ್ನೂ ಏರುತ್ತದೆಂದು ನಲವತ್ತು ಚೀಲ ಈರುಳ್ಳಿ ಹಿಡಿದಿಟ್ಟಿದ್ದರು. ಡಿಪ್ಲೊಮಾ ಓದಿದ ನಾನೂ "ಇನ್ನೊಂದು ವಾರ ನೋಡೋಣ ಅಪ್ಪಾ" ಎಂದಿದ್ದೆ. ಬೀಗ ಬಿದ್ದ ಮೇಲೆ ಮಾರಿದಾಗ ನೆನೆಸಿದ್ದರಲ್ಲಿ ಅರ್ಧ ಕೈಗೆ ಬಂತು. ತಂದೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ನಮ್ಮ ಈರುಳ್ಳಿಯ ದೊಡ್ಡ ಗಿರಾಕಿ ಬಾಂಗ್ಲಾದೇಶ. 2019ರಲ್ಲಿ ನಾವು ಮುನ್ಸೂಚನೆ ಕೊಡದೆ ನಿಲ್ಲಿಸಿದಾಗ ಅಲ್ಲಿ ಕಿಲೋಗೆ 200 ಟಾಕಾ ದಾಟಿತು. ವಿಮಾನದಲ್ಲಿ ಈರುಳ್ಳಿ ತರಿಸಬೇಕಾಯಿತು. ಈಜಿಪ್ಟ್, ತುರ್ಕಿಯಿಂದ ಮಾಲು ಬಂತು. ಆ ಅಕ್ಟೋಬರಿನಲ್ಲಿ ದೆಹಲಿಗೆ ಬಂದಿದ್ದ ಅಲ್ಲಿನ ಪ್ರಧಾನಿ ಶೇಖ್ ಹಸೀನಾ ಅವರು, ಮೊದಲೇ ತಿಳಿಸಿದ್ದರೆ ಚೆನ್ನಾಗಿತ್ತು, ಈಗ ಅಡಿಗೆಗೆ ಈರುಳ್ಳಿ ಹಾಕಬೇಡವೆಂದು ಹೇಳಿದ್ದೇನೆ ಎಂಬರ್ಥದ ಮಾತನ್ನು ನಗುತ್ತಲೇ ಆಡಿದರು. ಆದರೆ ಅವರು ಆ ಪಾಠ ಮರೆಯಲಿಲ್ಲ. ಬೇಸಿಗೆ ಈರುಳ್ಳಿಗೆ ಬೀಜ, ಗೊಬ್ಬರದ ಸಹಾಯ ಕೊಟ್ಟು ತಮ್ಮ ರೈತರಿಂದಲೇ ಹೆಚ್ಚು ಬೆಳೆಸತೊಡಗಿದರು. ತಮ್ಮ ಬೆಳೆ ಪೇಟೆಗೆ ಬರುವಾಗ ನಮ್ಮ ಮಾಲಿಗೆ ಆಮದು ಪರವಾನಿಗೆ ನಿಲ್ಲಿಸುತ್ತಾರೆ. 2025ರಲ್ಲಿ ನಾವು ಸುಂಕ ತೆಗೆದು ಬಾಗಿಲು ತೆರೆದಾಗ ಅವರು ವರ್ಷದ ಬಹುಕಾಲ ತಮ್ಮ ಬಾಗಿಲು ಹಾಕಿಕೊಂಡಿದ್ದರು.

ಬಾಗಿಲು ನಮ್ಮ ಕೈಲಿರುತ್ತದೆ. ಹೋದ ಗಿರಾಕಿ ನಮ್ಮ ಕೈಲಿರುವುದಿಲ್ಲ.

ನಾಲ್ಕನೆಯ ದಾರಿ: ದಾರಿಗೆ ಮುಳ್ಳು

2025ರ ಏಪ್ರಿಲ್ 8ರಂದು, ಬಾಂಗ್ಲಾದೇಶದ ಮಾಲು ನಮ್ಮ ನೆಲದ ಮೂಲಕ ಬೇರೆ ದೇಶಗಳಿಗೆ ಹೋಗಲು ಇದ್ದ ಸೌಕರ್ಯವನ್ನು ಭಾರತ ಹಿಂತೆಗೆದುಕೊಂಡಿತು. ಅದೇ ತಿಂಗಳು ಬಾಂಗ್ಲಾದೇಶವು ನಮ್ಮ ಹತ್ತಿ ನೂಲು ಭೂಮಾರ್ಗದಿಂದ ಬರುವುದನ್ನು ನಿಲ್ಲಿಸಿತು. ಮೇ 17ರಂದು ಭಾರತವು ಅವರ ಸಿದ್ಧ ಉಡುಪು ಭೂಮಾರ್ಗದಿಂದ ಬರಬಾರದು, ಮುಂಬಯಿಯ ನ್ಹಾವಾ ಶೇವಾ ಮತ್ತು ಕಲ್ಕತ್ತಾ ಬಂದರುಗಳ ಮೂಲಕ ಮಾತ್ರ ಬರಬೇಕೆಂದಿತು. ಜಗಳ ಸಾಗಣೆಯಿಂದ ನೂಲಿಗೆ, ನೂಲಿನಿಂದ ಬಟ್ಟೆಗೆ ಹೋಯಿತು. ಒಂದು ಮಾಲಿನ ವ್ಯಾಜ್ಯದಲ್ಲಿ ಅದರ ಗೊಡವೆಯೇ ಇಲ್ಲದ ಹತ್ತಿ ಬೆಳೆಗಾರನ ಧಾರಣೆ ಅಲುಗಬಹುದು ಎಂಬುದಕ್ಕೆ ಇದು ಉದಾಹರಣೆ.

ನಾವು ಮಾಡಬೇಕಾದುದೇನು?

ಸುಂಕದ ಆಜ್ಞೆ ಹೊರಡುವುದು ದೆಹಲಿಯಲ್ಲಿ. ನಮ್ಮ ಕೈಯಲ್ಲಿರುವ ಕೆಲಸಗಳು ಇವು:

1. ಸುದ್ದಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಟನ್? ಹಸಿಯೋ, ಒಣಗಿದ್ದೋ? ಯಾವ ದೇಶದಿಂದ? ಸುಂಕ ಪೂರ್ತಿಯೋ, ರಿಯಾಯಿತಿಯೋ? ಉತ್ತರ ಸಿಕ್ಕುವವರೆಗೆ ಗಾಬರಿಯಿಂದ ಮಾರಬೇಡಿ.

2. ಅಡಿಕೆಯನ್ನೂ ಈರುಳ್ಳಿಯನ್ನೂ ಒಂದೇ ದಿನ ಮಾರಬೇಡಿ, ಪೂರ್ತಿ ಹಿಡಿದಿಡಲೂ ಬೇಡಿ. ಮೂರು ಕಂತು ಮಾಡಿ. ಒಂದು ಕಂತು ಸೋತರೂ ಎರಡು ಉಳಿಯುತ್ತವೆ.

3. ಚೆನ್ನಾಗಿ ಒಣಗಿಸಿ, ದರ್ಜೆವಾರು ಬೇರ್ಪಡಿಸಿ. ಬಣ್ಣ ಹಾಕುವುದು, ಹಳೆಯದನ್ನು ಬೆರೆಸುವುದು ಬೇಡ. ಹೊರಗಿನ ಕಳಪೆ ಮಾಲಿನ ಎದುರು ನಮ್ಮ ರಾಶಿಗೆ ಇರುವ ರಕ್ಷಣೆ ಅದರ ಹೆಸರೇ.

4. ಸಹಕಾರ ಸಂಘದ ಸದಸ್ಯರಾಗಿ, ಅಲ್ಲಿಯೇ ಮಾರಿ. 1970ರ ಸುಮಾರಿಗೆ ಅಡಿಕೆ ಧಾರಣೆ ಕುಸಿದಾಗ ಬೆಳೆಗಾರರು ಅಳುತ್ತಾ ಕೂರಲಿಲ್ಲ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ನಮ್ಮ ಕಡೆ ಚನ್ನಗಿರಿಯ ತುಮ್ಕೋಸ್, ಶಿವಮೊಗ್ಗದ ಮಾಮ್ಕೋಸ್ ಇವೆ. ಒಬ್ಬ ರೈತನ ಅರ್ಜಿ ದೆಹಲಿಗೆ ಮುಟ್ಟದು, ಸಂಘದ ಅರ್ಜಿ ಮುಟ್ಟುತ್ತದೆ.

5. ಇರುವ ಜಮೀನನ್ನೆಲ್ಲ ಒಂದೇ ಬೆಳೆಗೆ ಒಪ್ಪಿಸಬೇಡಿ. ಇಂದು ನೆಟ್ಟ ಅಡಿಕೆ ಸರಿಯಾಗಿ ಫಸಲು ಕೊಡಲು ಆರೇಳು ವರ್ಷ ಬೇಕು. ಆ ಹೊತ್ತಿಗೆ 351 ಎಂಬ ಅಂಕಿ ಎಷ್ಟಾಗಿರುತ್ತದೋ, ಯಾವ ಹೊಸ ಕಂಡಿ ಬಿದ್ದಿರುತ್ತದೋ ಯಾರೂ ಬರೆದುಕೊಡಲಾರರು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊಯ್ದು ತೋಟ ಉಳಿಸಿಕೊಂಡವರ ಖರ್ಚನ್ನೂ ನೆನಪಿಡಿ. ಇರುವ ತೋಟದಲ್ಲಿ ಬಾಳೆ, ಮೆಣಸು ಸೇರಿಸುವುದು ಮೊದಲ ಹೆಜ್ಜೆಯಾಗಲಿ.

ಅಜ್ಜನವರಿಗೆ ಕೊಟ್ಟ ಉತ್ತರ

ವಾರದ ಮೇಲೆ ಹೋಗಿ ತಂದೆ ಮಗ ಇಬ್ಬರನ್ನೂ ಕೂರಿಸಿಕೊಂಡು ಈ ಲೆಕ್ಕ ಬರೆದು ತೋರಿಸಿದೆ. ಮಗನು ಬುದ್ಧಿವಂತ. "ಭತ್ತದಾಗೆ ಏನು ಉಳಿಯುತ್ತೆ ಹೇಳಿ ಸಾರ್?" ಎಂದು ಕೇಳಿದನು. ಕೇಳಿದ್ದು ನ್ಯಾಯವೇ. ಭತ್ತದಲ್ಲಿ ಹೆಚ್ಚು ಉಳಿಯುವುದಿಲ್ಲ, ಆದರೆ ಅಡಿಕೆ ಬಿದ್ದ ವರ್ಷ ಮನೆಯಲ್ಲಿ ಅನ್ನ ಉಳಿಯುತ್ತದೆ ಎಂದೆ. ಅವನು ಪೂರ್ತಿ ಒಪ್ಪಲಿಲ್ಲ. ಕೊನೆಗೆ ಒಂದು ಎಕರೆಗೆ ಸಸಿ, ಒಂದು ಎಕರೆ ಗದ್ದೆಯಾಗಿಯೇ ಇರಲಿ, ಸಾಲ ಅರ್ಧಕ್ಕೆ ಇಳಿಯಲಿ ಎಂದು ಮನೆಯವರೇ ತೀರ್ಮಾನಿಸಿದರು. "ಬೇಲಿ ಸರ್ಕಾರದ್ದು, ಕಣಜ ನಮ್ದು" ಎಂದರು ಅಜ್ಜನವರು. ಈ ಪಾಠದ ಸಾರವೂ ಅಷ್ಟೇ.

ಚಾವಡಿಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಪೂರ್ತಿ ಸುಂಕದ ಅಡಿಕೆಗೂ ಸುಂಕ ಮಾಫಿಯ ಅಡಿಕೆಗೂ ಕ್ವಿಂಟಲಿಗೆ ಎಷ್ಟು ಅಂತರ?

2. ಈರುಳ್ಳಿ ರಫ್ತು ನಿಂತಾಗ ಲಾಭವಾದದ್ದು ಯಾರಿಗೆ, ನಷ್ಟವಾದದ್ದು ಯಾರಿಗೆ?

3. ನಿಮ್ಮ ಊರಿನಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಎಕರೆ ಗದ್ದೆ ತೋಟವಾಗಿದೆ? ಉಳಿದ ಗದ್ದೆ ಊರಿನ ಊಟಕ್ಕೆ ಸಾಕೇ?

ನಿಮ್ಮ ಉತ್ತರಗಳನ್ನು ಮುಂದಿನ ಭೇಟಿಯಲ್ಲಿ ತಿಳಿಸಿರಿ.

ಗ್ರಾಮಸೇವಕ, ಹೊನ್ನಾಳಿ