ಕುದುರೆಮೆಂತೆಯ ಬೀಜವನ್ನು ಪರೀಕ್ಷಿಸಿ ಆರಿಸುವ ಕ್ರಮ

ಮೈಸೂರಿನ ಸುತ್ತಲಿನ ನೀರಾವರಿ ಜಮೀನುಗಳಲ್ಲಿ ಒಣಮೇವಿಗಾಗಿ ಕುದುರೆಮೆಂತೆಯನ್ನು, ಎಂದರೆ ಲೂಸರ್ನನ್ನು, ಬೆಳೆಯಬೇಕೆಂದಿರುವವರು ಮೊದಲು ಯೋಚಿಸತಕ್ಕದ್ದು ಬೀಜದ ವಿಷಯವನ್ನು. ಬಹುವಾರ್ಷಿಕ ಬಗೆಗಳನ್ನು ಒಮ್ಮೆ ಬಿತ್ತಿದರೆ ಮೂರು ವರ್ಷಗಳವರೆಗೂ ಕೊಯ್ಯಬಹುದಾದುದರಿಂದ, ಆಯ್ಕೆಯಲ್ಲಾದ ತಪ್ಪು ಒಂದು ಫಸಲಿನಿಂದ ತೀರುವುದಿಲ್ಲ.

ದೊರೆಯುವ ಬಗೆಗಳಲ್ಲಿ ಆನಂದ್-2 ಗುಜರಾತಿನದು, ಆರ್.ಎಲ್.-88 ಮಹಾರಾಷ್ಟ್ರದ ರಾಹುರಿಯದು, ಸಿರ್ಸಾ-9 ಉತ್ತರದ್ದು. ಅಲ್ಲಿ ಚೆನ್ನಾಗಿ ಬಂದುದು ಇಲ್ಲಿಯೂ ಬರುವುದೆಂಬ ನಿಶ್ಚಯವಿಲ್ಲ. 1857ರಲ್ಲಿ ಜರ್ಮನಿಯಿಂದ ಅಮೆರಿಕದ ಮಿನೆಸೋಟಕ್ಕೆ ಹೋದ ವೆಂಡೆಲಿನ್ ಗ್ರಿಮ್ ಎಂಬ ರೈತನು, ತಾನು ಒಯ್ದ ಬೀಜದಲ್ಲಿ ಅಲ್ಲಿಯ ಚಳಿಗೆ ಸಾಯದೆ ಉಳಿದ ಗಿಡಗಳ ಬೀಜವನ್ನೇ ವರ್ಷವರ್ಷವೂ ಬಿತ್ತಿ ಹೆಸರಾಂತ ತಳಿಯೊಂದನ್ನು ಪಡೆದನು. ನಮ್ಮಲ್ಲಿ ಚಳಿಯ ಭಯವಿಲ್ಲ; ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯಲ್ಲಿ ನೀರು ನಿಂತು ಬೇರು ಕೊಳೆಯುವುದೇ ಭಯ.

ಮಂಡ್ಯದ ವಿ.ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಪ್ರಯೋಗಗಳು ನಡೆಯುತ್ತವೆ. ಅಲ್ಲಿ ವಿಚಾರಿಸುವುದು ಒಳ್ಳೆಯದು. ಆದರೂ ತಮ್ಮ ಮಣ್ಣಿನ ಗುಣವನ್ನು ತಮ್ಮ ಹೊಲವೇ ಹೇಳಬೇಕು. ಒಂದೂವರೆ ಗುಂಟೆ ಸಾಕು. ನವೆಂಬರಿನಲ್ಲಿ ಹತ್ತು ಅಡಿ ಚೌಕದ ಹನ್ನೆರಡು ಮಡಿಗಳನ್ನು ಮಾಡಿ, ಮೂರು ಬಗೆಗಳಲ್ಲಿ ಒಂದೊಂದಕ್ಕೆ ನಾಲ್ಕು ಮಡಿ ಬರುವಂತೆ ಚೀಟಿಯೆತ್ತಿ ಹಂಚತಕ್ಕದ್ದು. ಒಂದು ಬಗೆಯನ್ನೆಲ್ಲ ಒಂದೇ ಕಡೆ ಬಿತ್ತಿದರೆ, ಗೆದ್ದದ್ದು ಬೀಜವೋ ಗೊಬ್ಬರ ಬಿದ್ದ ಮೂಲೆಯೋ ತಿಳಿಯದು. ಅಡಿಗೊಂದು ಸಾಲಿನಂತೆ, ಮಡಿಗೆ 20 ಗ್ರಾಂ ಬೀಜ ಹಾಕಬೇಕು. ಮೊಳಕೆಯ ಪ್ರಮಾಣವನ್ನು ಮೊದಲೇ ನೋಡಿಕೊಂಡಿರಬೇಕು.

ಮೊದಲನೆಯ ಕೊಯ್ಲು ಸುಮಾರು 60 ದಿನಗಳಿಗೆ. ಆಮೇಲೆ 25ರಿಂದ 30 ದಿನಗಳಿಗೊಮ್ಮೆ. ಅಂಚಿನ ಸಾಲುಗಳನ್ನು ಬೇರೆ ತೆಗೆದು ನಡುವಿನದನ್ನು ಮಾತ್ರ ತೂಗಬೇಕು. ಹಸಿಯ ತೂಕವನ್ನು ನಂಬಿ ಮೋಸಹೋಗುವವರೇ ಹೆಚ್ಚು. ಪ್ರತಿ ಮಡಿಯಿಂದ ಒಂದು ಕಿಲೋ ಸೊಪ್ಪನ್ನು ತೂಕ ಇಳಿಯದಷ್ಟು ಒಣಗಿಸಿ ನೋಡಿರಿ. ಒಂದು ಮಡಿಯ 6 ಕಿಲೋ ಹಸಿಯಲ್ಲಿ ಕಿಲೋವಿಗೆ 180 ಗ್ರಾಂ ಉಳಿದರೆ ಒಣಮೇವು 1,080 ಗ್ರಾಂ. ಇನ್ನೊಂದರ ಐದೂವರೆ ಕಿಲೋವಿನಲ್ಲಿ 220 ಗ್ರಾಂನಂತೆ ಉಳಿದರೆ 1,210 ಗ್ರಾಂ. ಕಣ್ಣಿಗೆ ಸೋತದ್ದೇ ಗೆದ್ದಂತಾಯಿತು. ಸಾರವೆಲ್ಲ ಹೆಚ್ಚಾಗಿ ಎಲೆಯಲ್ಲಿರುವುದರಿಂದ, ಒಣಗುವಾಗ ಎಲೆ ಎಷ್ಟು ಉದುರಿತೆಂಬುದನ್ನೂ ಬರೆದಿಡಬೇಕು.

ಒಂದೆರಡು ಕೊಯ್ಲುಗಳಿಂದ ತೀರ್ಮಾನಿಸಲಾಗದು. ಮೊದಲನೆಯ ಕೊಯ್ಲಿನಲ್ಲಿ ಪ್ರತಿ ಮಡಿಯ ಒಂದೇ ಸಾಲನ್ನು ಗುರುತಿಟ್ಟು ಗಿಡಗಳನ್ನು ಎಣಿಸಿ, ಮರುವರ್ಷದ ಮಳೆ ಕಳೆದ ಮೇಲೆ ಅದೇ ಸಾಲನ್ನು ಪುನಃ ಎಣಿಸತಕ್ಕದ್ದು. ಎಲೆಯಿಲ್ಲದ ಹಳದಿ ದಾರದಂತಹ ಬಳ್ಳಿ ಎಲ್ಲಿಯಾದರೂ ಗಿಡಕ್ಕೆ ಸುತ್ತಿಕೊಂಡಿರುವುದು ಕಂಡರೆ, ಅದು ಬೀಜ ಬಿಡುವ ಮೊದಲೇ ಗಿಡದ ಸಹಿತ ಕಿತ್ತು ಸುಡಬೇಕು. ಆ ಬೀಜ ಮಾರಿದವರಲ್ಲಿ ಮತ್ತೆ ಕೊಳ್ಳಲಾಗದು.