ಮೊಹರು ಒಡೆಯದ ಮೊಬೈಲಿಗೆ ವಾರಂಟಿ ಯಾವ ದಿನದಿಂದ?



2025ರ ಜನವರಿಯ ಒಂದು ಸಂಜೆ ನಮ್ಮ ಸದಸ್ಯರೊಬ್ಬರು ಪತ್ರಿಕೆಗಳ ಮೇಜಿನ ಮೇಲೆ ಮೊಬೈಲಿನ ಪೆಟ್ಟಿಗೆಯೊಂದನ್ನು ಇಟ್ಟು ಸುಮ್ಮನೆ ಕುಳಿತರು. ಇವರು ಇಲ್ಲಿಯೇ ಸೊಲ್ಲಾಪುರದಲ್ಲಿ ಚಾದರದ ಕಾರಖಾನೆಯೊಂದರಲ್ಲಿ ಪವರ್‌ಲೂಮ್ ನೋಡಿಕೊಳ್ಳುವವರು. 2023ರ ನವೆಂಬರದಲ್ಲಿ, ದೀಪಾವಳಿಯ ಬೋನಸ್ಸು ಕೈಗೆ ಬಂದಾಗ, ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು ಮಗಳಿಗಾಗಿ ಒಂದು ಫೋನು ಕೊಂಡಿದ್ದರು. ಹುಡುಗಿ ಹತ್ತನೆಯ ತರಗತಿಯಲ್ಲಿದ್ದಳು. ಈಗಲೇ ಕೊಟ್ಟರೆ ಓದು ಕೆಟ್ಟೀತೆಂದು ಪೆಟ್ಟಿಗೆಯ ಮೊಹರನ್ನು ಮುಟ್ಟದೆ ಟ್ರಂಕಿನಲ್ಲಿಟ್ಟರು. ಮುಂದಿನ ಮೇ ತಿಂಗಳ ಕೊನೆಗೆ ಫಲಿತಾಂಶ ಬಂದಿತು, ಹುಡುಗಿ ಒಳ್ಳೆಯ ಅಂಕ ತೆಗೆದಳು, ಪೆಟ್ಟಿಗೆ ತೆರೆಯಿತು. ಎಂಟು ತಿಂಗಳಿಗೆ ಫೋನು ಚಾರ್ಜು ಹಿಡಿಯುವುದನ್ನು ಬಿಟ್ಟಿತು. ದುರಸ್ತಿ ಕೇಂದ್ರದವರು ಬಿಲ್ಲು ನೋಡಿ, ವಾರಂಟಿ ನವೆಂಬರದಲ್ಲಿಯೇ ಮುಗಿದಿದೆ, ಮೂರು ಸಾವಿರದ ಎಂಟುನೂರು ರೂಪಾಯಿ ಆಗುತ್ತದೆ ಎಂದರಂತೆ.

"ಸಾಹೇಬ್ರ, ಎಂಟ ತಿಂಗಳಷ್ಟ ಬಳಸೇವ್ರಿ. ಉಳಿದ ಆರ ತಿಂಗಳಾ ಟ್ರಂಕಿನ್ಯಾಗ ಮಲಗಿತ್ತು. ಮಲಗಿದ್ದಕ್ಕೂ ಲೆಕ್ಕ ಹಿಡೀತಾರೇನ್ರಿ?" ಎಂದು ಅವರು ಕೇಳಿದರು.

ಹಿಡಿಯುತ್ತಾರೆ. ಆ ಉತ್ತರವನ್ನು ಅವರ ಮುಖ ನೋಡಿ ಹೇಳುವುದು ನಮಗೆ ಸುಲಭವಾಗಲಿಲ್ಲ. ಇನ್ನೊಬ್ಬರಿಗೆ ಹೀಗಾಗಬಾರದೆಂದೇ ಈ ಪಾಠವನ್ನು ಬರೆಯುತ್ತಿದ್ದೇವೆ.

ಅವರು ತಿಳಿದದ್ದು ಬುದ್ಧಿಯಿಲ್ಲದ ಮಾತೇನೂ ಅಲ್ಲ. ನಾವು ಗಿರಣಿಯ ಕಚೇರಿಯಲ್ಲಿ ಖರೀದಿಯ ಕಾಗದ ನೋಡುವವರಾದ್ದರಿಂದ ಬಲ್ಲೆವು: ದೊಡ್ಡ ಯಂತ್ರ ಕೊಂಡಾಗ ಒಪ್ಪಂದದಲ್ಲಿ ಅನೇಕ ವೇಳೆ "ಯಂತ್ರ ನಡೆಯತೊಡಗಿದ ದಿನದಿಂದ 12 ತಿಂಗಳು, ಇಲ್ಲವೆ ರವಾನೆಯಾದ ದಿನದಿಂದ 18 ತಿಂಗಳು, ಯಾವುದು ಮೊದಲೋ ಅದು" ಎಂದು ಬರೆದಿರುತ್ತದೆ. ಅಂದರೆ ಯಂತ್ರವು ಕಟ್ಟಿಟ್ಟ ಸ್ಥಿತಿಯಲ್ಲಿ ಕೆಲವು ಕಾಲ ಮಲಗಿದ್ದರೂ ಕೊಂಡವನಿಗೆ ಅಷ್ಟರ ಮಟ್ಟಿಗೆ ರಿಯಾಯಿತಿ ಉಂಟು. ಅಲ್ಲಿಯೂ ಮೇರೆಯಿಲ್ಲದೆ ಕಾಯುವವರು ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಆದರೆ ಗಿರಣಿಯು ಮಾರುವವನೊಡನೆ ಕುಳಿತು ಈ ಷರತ್ತನ್ನು ಬರೆಯಿಸಿಕೊಳ್ಳುತ್ತದೆ. ಮೊಬೈಲಿನ ಅಂಗಡಿಯಲ್ಲಿ ನಿಂತ ಗಿರಾಕಿಗೆ ಆ ಅವಕಾಶವಿಲ್ಲ. ಕಂಪನಿಯು ಮುಂಚಿತವಾಗಿ ಅಚ್ಚು ಹಾಕಿಸಿದ ಮಾತೇ ಕೊನೆಯ ಮಾತು.

ಆ ಮಾತು ಸಾಮಾನ್ಯವಾಗಿ "ಕೊಂಡ ದಿನದಿಂದ" ಎಂದಿರುತ್ತದೆ. ಉದಾಹರಣೆಗೆ ಆಪಲ್ ಕಂಪನಿಯ ಒಂದು ವರ್ಷದ ವಾರಂಟಿಯು, ಬಳಸುವ ಗಿರಾಕಿಯು ಮೊದಲು ಚಿಲ್ಲರೆಯಾಗಿ ಕೊಂಡ ದಿನದಿಂದ ನಡೆಯುತ್ತದೆ. ಮೊಹರು ಒಡೆದ ದಿನಕ್ಕೂ ಇದಕ್ಕೂ ಸಂಬಂಧವಿಲ್ಲ. ವಾರಂಟಿಯು ಇಂಥ ದಿನದಿಂದಲೇ ಮೊದಲಾಗಬೇಕೆಂದು ನಮ್ಮ ದೇಶದ ಗ್ರಾಹಕರ ಕಾಯಿದೆಯೂ ವಿಧಿಸಿಲ್ಲ. ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು ಮತ್ತು ವರ್ಷ ಇರುತ್ತವಷ್ಟೆ. ಅದನ್ನು ನೋಡಿ ಗಾಬರಿಯಾಗುವ ಕಾರಣವಿಲ್ಲ. ಬಿಲ್ಲು ಕೈಯಲ್ಲಿದ್ದವನಿಗೆ ಬಿಲ್ಲಿನ ತಾರೀಖೇ ಲೆಕ್ಕ.

ಬಿಲ್ಲು ಇಲ್ಲದವನ ಗತಿ ಬೇರೆ. ಫೋನನ್ನು ಮೊದಲ ಸಲ ಚಾಲೂ ಮಾಡಿ ಇಂಟರ್‌ನೆಟ್ಟಿಗೆ ಜೋಡಿಸಿದೊಡನೆ ಆ ತಾರೀಖು ಕಂಪನಿಯ ದಫ್ತರಕ್ಕೆ ಸೇರುತ್ತದೆ. ಬಿಲ್ಲು ತೋರಿಸದಿದ್ದರೆ ಕೆಲವು ಕಂಪನಿಗಳು ಆ ದಿನವನ್ನು ಹಿಡಿಯುತ್ತವೆ; ಇನ್ನು ಕೆಲವು ತಯಾರಾದ ತಾರೀಖಿನಿಂದ ಲೆಕ್ಕ ಹಾಕುತ್ತವೆ. ಇದರಲ್ಲೊಂದು ತೊಡಕುಂಟು. ನಮ್ಮ ಇನ್ನೊಬ್ಬ ಸದಸ್ಯರು ಹೊಸ ಫೋನು ಕೊಂಡು ಮನೆಗೆ ತಂದು ಕಂಪನಿಯ ಪುಟದಲ್ಲಿ ನೋಡಿದರೆ ವಾರಂಟಿಯು ನಾಲ್ಕು ತಿಂಗಳ ಹಿಂದೆಯೇ ಆರಂಭವಾಗಿತ್ತು! ಅಂಗಡಿಕಾರನು ಮಾರಾಟದ ಗುರಿ ಮುಟ್ಟಿದಂತೆ ತೋರಿಸಲು ಅದನ್ನು ಮೊದಲೇ ಚಾಲೂ ಮಾಡಿದ್ದನೋ, ನೋಡುಗರ ಮುಂದೆ ಇಟ್ಟಿದ್ದನೋ, ದೇವರೇ ಬಲ್ಲ. ಅದೃಷ್ಟಕ್ಕೆ ಇವರ ಹತ್ತಿರ ಪಕ್ಕಾ ಬಿಲ್ಲಿತ್ತು. ಅದರ ಚಿತ್ರವನ್ನು ಕಂಪನಿಗೆ ಕಳಿಸಿದ ಮೇಲೆ ತಾರೀಖು ತಿದ್ದಿಬಂದಿತು. ಹದಿನೆಂಟರ ತೆರಿಗೆ ಉಳಿಯುತ್ತದೆಂದು ಬರಿಯ ಚೀಟಿಯ ಮೇಲೆ ಕೊಂಡಿದ್ದರೆ ನಾಲ್ಕು ತಿಂಗಳು ಹೋದಂತೆಯೇ ಇತ್ತು.

ಆದುದರಿಂದ ಬಿಲ್ಲಿನಲ್ಲಿ ಅಂಗಡಿಯ ಹೆಸರು, ತಾರೀಖು, ಫೋನಿನ ಮಾದರಿ, ಜೊತೆಗೆ 15 ಅಂಕಿಗಳ ಐಎಂಇಐ ಸಂಖ್ಯೆ ಇರುವಂತೆ ನೋಡಿಕೊಳ್ಳಿ. ಫೋನಿನಲ್ಲಿ *#06# ಒತ್ತಿದರೆ ಆ ಸಂಖ್ಯೆ ಕಾಣುತ್ತದೆ. ಪೆಟ್ಟಿಗೆ, ಫೋನು, ಬಿಲ್ಲು ಮೂರರಲ್ಲಿಯೂ ಅದು ಒಂದೇ ಆಗಿರಬೇಕು. ಬಿಲ್ಲನ್ನು ಅದೇ ದಿನ ಝೆರಾಕ್ಸ್ ಮಾಡಿಸಿರಿ. ಈಗಿನ ಯಂತ್ರದ ಬಿಲ್ಲುಗಳ ಅಕ್ಷರ ಬೇಸಿಗೆ ಕಳೆಯುವಷ್ಟರಲ್ಲಿ ಮಾಸಿಹೋಗುತ್ತದೆ. ಸೊಲ್ಲಾಪುರದ ಬೇಸಿಗೆಯಂತೂ ನಿಮಗೆ ಗೊತ್ತೇ ಇದೆ. ಬಿಲ್ಲು ಕೊಡಲು ಒಲ್ಲೆನೆನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಇದನ್ನು ಅಂಗಡಿಯಲ್ಲಿ ಮೆಲ್ಲನೆ ಹೇಳಿದರೂ ಸಾಕು.

ಕೊಂಡ ಫೋನನ್ನು ಮುಚ್ಚಿಡುವುದರಿಂದ ಆಗುವ ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಚಾರ್ಜರಿಗೆ ಅನೇಕ ಕಂಪನಿಗಳು ಆರೇ ತಿಂಗಳ ವಾರಂಟಿ ಕೊಡುತ್ತವೆ. ನಮ್ಮ ಸದಸ್ಯರ ಮಗಳು ಪೆಟ್ಟಿಗೆ ತೆರೆದ ದಿನವೇ ಆ ಅವಧಿ ತೀರಿತ್ತು. ಅಂಚೆಯಲ್ಲಿ ತರಿಸಿದ ಮಾಲನ್ನು ಬದಲಿಸಿಕೊಡುವ ಗಡುವು ಅನೇಕ ಕಡೆ ಏಳೇ ದಿನ. ಬ್ಯಾಟರಿಯು ಸುಮ್ಮನಿದ್ದರೂ ಸವೆಯುತ್ತದೆ. ಬಹಳ ಕಾಲ ಬರಿದಾಗಿ ಬಿದ್ದಿದ್ದರೆ ಮತ್ತೆ ಚಾರ್ಜು ಹಿಡಿಯದೆಯೂ ಹೋಗಬಹುದು. ಫೋನಿಗೆ ಬರುವ ಸುರಕ್ಷಾ ಪರಿಷ್ಕರಣೆಗಳ ವರ್ಷಗಳನ್ನಂತೂ ಸಾಮಾನ್ಯವಾಗಿ ಆ ಮಾದರಿ ಪೇಟೆಗೆ ಬಂದ ದಿನದಿಂದ ಎಣಿಸುತ್ತಾರೆಯೇ ಹೊರತು ನೀವು ಕೊಂಡ ದಿನದಿಂದಲ್ಲ. ಉಡುಗೊರೆಗಾಗಿ ಮುಂಚಿತವಾಗಿ ಕೊಳ್ಳುವುದಾದರೆ ಹಣವನ್ನು ಬ್ಯಾಂಕಿನಲ್ಲಿಟ್ಟು ಫೋನನ್ನು ಆ ವಾರವೇ ತರುವುದು ಲೇಸು. ತಂದದ್ದಾಗಿದ್ದರೆ ಒಮ್ಮೆ ತೆರೆದು, ಚಾರ್ಜು ಹಾಕಿ, ಕರೆ ಮಾಡಿ, ಚಿತ್ರ ತೆಗೆದು ಪರೀಕ್ಷಿಸಿ ಮತ್ತೆ ಮುಚ್ಚಿಡಿ. ಮೊಹರಿನ ಅಂದಕ್ಕಾಗಿ ಮೂರು ಸಾವಿರ ಕೊಡಬೇಕಾಗಿಲ್ಲ.

ವಾರಂಟಿಯ ಒಳಗೇ ಇದ್ದು ಕಂಪನಿಯವರು ಕೈಬಿಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರನ್ನು ನೀವು ವಾಸಿಸುವ ಜಿಲ್ಲೆಯಲ್ಲಿಯೇ ಕೊಡಬಹುದು. ವಿಜಯಪುರದಲ್ಲಿ ಕೊಂಡ ಫೋನಿಗೂ ಸೊಲ್ಲಾಪುರದಲ್ಲಿ ದೂರು ನಡೆಯುತ್ತದೆ. ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಒಳಗೆ ಕೊಡಬೇಕು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ.

ಆ ಸದಸ್ಯರ ಪರವಾಗಿ ನಾವು ಕಂಪನಿಗೆ ಒಂದು ಪತ್ರ ಬರೆದೆವು. ಬಿಲ್ಲಿನ ತಾರೀಖನ್ನೇ ಅವರು ಮತ್ತೆ ತೋರಿಸಿದರು. ಕೊನೆಗೆ ಅವರು ಎರಡು ಕಂತಿನಲ್ಲಿ ಹಣ ಹೊಂದಿಸಿ ಫೋನು ದುರಸ್ತಿ ಮಾಡಿಸಿದರು. ಹುಡುಗಿ ಈಗ ಅದರಲ್ಲಿಯೇ ಕಾಲೇಜಿನ ಪಾಠ ಕೇಳುತ್ತಾಳೆ. ಆ ಬಿಲ್ಲಿನ ಝೆರಾಕ್ಸ್ ಪ್ರತಿಯನ್ನು, ಹೆಸರು ಮರೆಮಾಡಿ, ಅವರ ಒಪ್ಪಿಗೆಯಿಂದ ವಾಚನಾಲಯದ ಫಲಕಕ್ಕೆ ಹಚ್ಚಿದ್ದೇವೆ. ನಿಮ್ಮ ಬಿಲ್ಲು ಸರಿಯಾಗಿದೆಯೋ ಇಲ್ಲವೋ ಎಂಬ ಸಂಶಯವಿದ್ದವರು ಭಾನುವಾರ ಸಂಜೆ ತಂದರೆ ಕೂಡಿ ನೋಡೋಣ.